ತಲೆಬರಹದಲ್ಲಿ ಆನೆ, ಕುದುರೆ, ಎತ್ತು

ಬೆಳಗಿನ ಐದೂವರೆ. ಹುಣಸೂರಿನ ಬಸ್ ನಿಲ್ದಾಣದಲ್ಲಿ ಮೈಸೂರಿನಿಂದ ಬಂದ ಪತ್ರಿಕೆಯ ಕಟ್ಟುಗಳು ಇಳಿಯುತ್ತವೆ. ಹುಡುಗರು ನೆಲದ ಮೇಲೆ ಕೂತು ಪುರವಣಿ ಸೇರಿಸಿ ಮಡಿಸುತ್ತಾರೆ. ಟೀ ಅಂಗಡಿಯ ಬೆಂಚಿನ ಮೇಲೆ ಒಂದೇ ಪತ್ರಿಕೆ, ಅದರ ಸುತ್ತ ಐದಾರು ಜನ. ಕನ್ನಡಕ ಇದ್ದವರು ದಪ್ಪಕ್ಷರವನ್ನು ಜೋರಾಗಿ ಓದುತ್ತಾರೆ, ಮಿಕ್ಕವರು ಕೇಳುತ್ತಾರೆ.

‘ತಂಬಾಕು ದರ ಕುಸಿತ: ಹೊಗೆಯಾಡುತ್ತಿದೆ ಅಸಮಾಧಾನ’ ಎಂಬಂಥ ಒಂದು ಸಾಲು ಬಂತೆನ್ನಿ. ಪೇಟೆಯ ಓದುಗರಿಗೆ ಅದು ಒಂದು ಚಮತ್ಕಾರ, ಅಷ್ಟೇ. ಬೆಂಚಿನ ಮೇಲೆ ಕೂತವರಿಗೆ ಹಾಗಲ್ಲ. ‘ಬ್ಯಾರನ್ ಒಳಗೆ ಹೊಗೆ ತುಂಬ್ಕಂಡ್ರೆ ಸೊಪ್ಪೆಲ್ಲ ಹಾಳಾಯ್ತದೆ ಕಣಣ್ಣ’ ಎಂದು ಒಬ್ಬರು ಹೇಳಿದರೆ ಉಳಿದವರು ತಲೆದೂಗುತ್ತಾರೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯುವ ವರ್ಜೀನಿಯಾ ತಂಬಾಕನ್ನು ಹದ ಮಾಡುವುದು ಬ್ಯಾರನ್ ಎಂಬ ಒಣಮನೆಯಲ್ಲಿ, ಕೊಳವೆಯಲ್ಲಿ ಹರಿಯುವ ಬಿಸಿಯಿಂದ. ಒಲೆಯ ಹೊಗೆ ಚಿಮಣಿಯಿಂದ ಹೊರಗೆ ಹೋಗಬೇಕು, ಎಲೆಯನ್ನು ಸೋಕಬಾರದು. ಸೋಕಿದರೆ ಬಣ್ಣ ಕೆಡುತ್ತದೆ, ಹರಾಜಿನಲ್ಲಿ ಬೆಲೆ ಬೀಳುತ್ತದೆ. ಮೈಸೂರಿನ ಪತ್ರಿಕಾ ಕಚೇರಿಯಲ್ಲಿ ರಾತ್ರಿ ಹತ್ತಕ್ಕೆ ಹೊಳೆದ ಪದವೊಂದು ಬೆಳಗಿನ ಐದೂವರೆಗೆ ಇಲ್ಲಿ ಬರೆದವರ ಎಣಿಕೆಗಿಂತ ಹೆಚ್ಚಿನ ಅರ್ಥ ಕೊಟ್ಟಿತು.

ತಲೆಬರಹದ ನುಡಿಗಟ್ಟು ಕೆಲಸ ಮಾಡುವುದು ಹೀಗೆ. ಅರ್ಧ ಅಚ್ಚಿನಲ್ಲಿರುತ್ತದೆ, ಇನ್ನರ್ಧ ಓದುವವರ ಬದುಕಿನಲ್ಲಿರುತ್ತದೆ.

ನಾಲ್ಕು ಪದದ ಜಾಗ

ನುಡಿಗಟ್ಟು ಎಂದರೆ ಪದಗಳನ್ನು ಬಿಡಿಬಿಡಿಯಾಗಿ ನೋಡಿದರೆ ಸಿಗದ ಅರ್ಥ, ಒಟ್ಟಿಗೆ ಬಂದಾಗ ಸಿಗುವ ಮಾತು. ‘ಎಳ್ಳುನೀರು ಬಿಟ್ಟರು’ ಎಂದಾಗ ಎಳ್ಳನ್ನೂ ನೀರನ್ನೂ ಯಾರೂ ಹುಡುಕುವುದಿಲ್ಲ. ಆಸೆ ಬಿಟ್ಟರು ಎಂದು ತಿಳಿಯುತ್ತದೆ. ‘ಮೂಗಿಗೆ ತುಪ್ಪ ಸವರಿದರು’ ಎಂದರೆ ತಿನ್ನಲು ಕೊಡದೆ ವಾಸನೆ ಮಾತ್ರ ತೋರಿಸಿದರು ಎಂದು.

ಪತ್ರಿಕೆಗೆ ಇದು ಬೇಕಾದದ್ದು ಜಾಗದ ಕಾರಣಕ್ಕೆ. ಎರಡು ಕಾಲಂ ಅಗಲದಲ್ಲಿ ದಪ್ಪಕ್ಷರದ ನಾಲ್ಕೋ ಐದೋ ಪದ ಹಿಡಿಸುತ್ತದೆ. ಕ್ರಿಯಾಪದ ಬಿಡಬೇಕು, ವಿಭಕ್ತಿ ಉಳಿಸಬೇಕು, ಒತ್ತಕ್ಷರ ಕೆಳಗಿನ ಸಾಲಿಗೆ ತಾಗಬಾರದು. ‘ಪರಿಹಾರ ಘೋಷಿಸಿದ್ದಾರೆ, ಆದರೆ ಅದು ನಷ್ಟದ ಒಂದು ಮೂಲೆಗೂ ಸಾಲದು’ ಎಂದು ಬರೆಯಲು ಜಾಗವಿಲ್ಲ. ‘ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ’ ಎಂದರೆ ಮುಗಿಯಿತು. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಆನೆ ತುಳಿದ ಹೊಲದ ಪರಿಹಾರದ ಸುದ್ದಿಗೇ ಈ ಗಾದೆ ಬಂದರಂತೂ ಗಾದೆಯೊಳಗಿನ ಆನೆ ಎದ್ದು ನಿಜವಾಗಿ ಹೊಲಕ್ಕೆ ಬರುತ್ತದೆ.

ಮಾತಿನ ಈ ಆಟ ಪತ್ರಿಕೆಗಳಲ್ಲಿ ಮೊದಲಿನಿಂದ ಇತ್ತು. ಅದನ್ನು ಹರಿತ ಮಾಡಿದವರಲ್ಲಿ ಪಿ. ಲಂಕೇಶ್ ಮುಖ್ಯರು. 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ ರಾಜಕಾರಣಿಗಳ ಹೆಸರನ್ನೇ ಮೊಟಕು ಮಾಡಿ ಅಡ್ಡಹೆಸರಾಗಿಸಿತು. 1999ರಲ್ಲಿ ಬಂದ ‘ವಿಜಯ ಕರ್ನಾಟಕ’, ವಿಶ್ವೇಶ್ವರ ಭಟ್ಟರ ಸಂಪಾದಕತ್ವದ ವರ್ಷಗಳಲ್ಲಿ, ಶ್ಲೇಷೆಯನ್ನು ದಿನಪತ್ರಿಕೆಯ ನಿತ್ಯದ ಅಡುಗೆ ಮಾಡಿತು. ಅಲ್ಲಿಂದೀಚೆಗೆ ಜಿಲ್ಲಾ ಪುಟದ ಸಣ್ಣ ಸುದ್ದಿಗೂ ಆ ಒಗ್ಗರಣೆ ಬೀಳುತ್ತಿದೆ.

ಉಳುವವನು, ಉಳ್ಳವನು

ಮಾತು ತಿರುಚುವ ವಿಧಾನಗಳಲ್ಲಿ ಎಲ್ಲಕ್ಕಿಂತ ಕಷ್ಟದ್ದು ಅಕ್ಷರ ಬದಲಿಸುವುದು. ನನಗೆ ತಿಳಿದಂತೆ ಕನ್ನಡದಲ್ಲಿ ಇದರ ಅತ್ಯುತ್ತಮ ಉದಾಹರಣೆಯ ಬೇರು ಹುಣಸೂರು ತಾಲ್ಲೂಕಿನಲ್ಲಿದೆ.

ಆ ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ 1974ರ ಮಾರ್ಚ್ 1ರಿಂದ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ಗೇಣಿದಾರರು ಉಳುತ್ತಿದ್ದ ಭೂಮಿಗೆ ಅವರೇ ಒಡೆಯರಾದರು. ಅದರ ತಿರುಳನ್ನು ಹಳ್ಳಿಹಳ್ಳಿಗೂ ಮುಟ್ಟಿಸಿದ್ದು ಒಂದೇ ಮಾತು: ‘ಉಳುವವನೇ ಭೂಮಿಯ ಒಡೆಯ’.

2020ರಲ್ಲಿ ರಾಜ್ಯ ಸರ್ಕಾರ ಅದೇ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದುಹಾಕಿತು. ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಲು ದಾರಿ ತೆರೆಯಿತು. ರೈತ ಸಂಘಟನೆಗಳು ಬೀದಿಗಿಳಿದವು. ಆಗ ಭಿತ್ತಿಪತ್ರದಲ್ಲಿ, ಭಾಷಣದಲ್ಲಿ, ತಲೆಬರಹದಲ್ಲಿ ಒಂದೇ ಮಾತು ಕಾಣಿಸಿಕೊಂಡಿತು: ‘ಉಳ್ಳವನೇ ಭೂಮಿಯ ಒಡೆಯ’. ‘ಳುವ’ ಎಂಬ ಎರಡಕ್ಷರ ಹೋಗಿ ‘ಳ್ಳ’ ಎಂಬ ಒಂದು ಒತ್ತಕ್ಷರ ಬಂತು. ನೇಗಿಲು ಹೋಗಿ ಹಣ ಬಂತು. ತಿದ್ದುಪಡಿಯನ್ನು ಒಪ್ಪಿದವರಿಗೂ ವಿರೋಧಿಗಳ ವಾದವೇನು ಎಂಬುದು ಆ ಒಂದಕ್ಷರದಲ್ಲಿ ತಿಳಿಯಿತು.

ಈ ತಿರುವು ನಾಟಿದ್ದಕ್ಕೆ ಕಾರಣ, ಮೂಲದ ಮಾತು 46 ವರ್ಷದಿಂದ ಜನರ ಕಿವಿಯಲ್ಲಿತ್ತು. ಕಿವಿಯಲ್ಲಿ ಇಲ್ಲದ ಮಾತನ್ನು ಎಷ್ಟು ಜಾಣತನದಿಂದ ತಿರುಚಿದರೂ ಅದು ಅಚ್ಚಿನ ತಪ್ಪಿನಂತೆ ಕಾಣುತ್ತದೆ.

‘ಕೈ’ಗೆ ಸಿಕ್ಕ ಅದೃಷ್ಟ

ಅರಸು ಅವರ ಕಾಲವೇ ತಲೆಬರಹಕ್ಕೆ ಮತ್ತೊಂದು ವರವನ್ನೂ ಕೊಟ್ಟಿತು. 1978ರಲ್ಲಿ ಇಂದಿರಾ ಕಾಂಗ್ರೆಸ್ಸಿಗೆ ಹಸ್ತದ ಗುರುತು ಸಿಕ್ಕಿತು. ಕನ್ನಡದಲ್ಲಿ ಕೈಯಷ್ಟು ನುಡಿಗಟ್ಟು ಕೊಟ್ಟ ಅಂಗ ಇನ್ನೊಂದಿರಲಾರದು. ಕೈಕೊಡು, ಕೈಬಿಡು, ಕೈಹಿಡಿ, ಕೈಚೆಲ್ಲು, ಕೈಮೀರು, ಕೈಗೂಡು, ಕೈಸುಟ್ಟುಕೊ, ಕೈವಾಡ, ಕೈಚಳಕ, ಕೈಗೊಂಬೆ. ಉಪಸಂಪಾದಕರು ಮಾಡಬೇಕಾದದ್ದು ಇಷ್ಟೇ: ‘ಕೈ’ಗೆ ಒಂಟಿ ಉದ್ಧರಣ ಚಿಹ್ನೆ ಹಾಕುವುದು. ‘ಕೈ’ ಕೊಟ್ಟ ಶಾಸಕ, ‘ಕೈ’ ಹಿಡಿದ ಮತದಾರ, ‘ಕೈ’ ತಪ್ಪಿದ ಕ್ಷೇತ್ರ. ಆ ಪುಟ್ಟ ಚಿಹ್ನೆ ಓದುಗರಿಗೆ ಮಾಡುವ ಸನ್ನೆ. ಇಲ್ಲಿ ಎರಡರ್ಥ ಇದೆ, ನಿಂತು ನೋಡಿ ಎಂದು. ಬಿಜೆಪಿಯ ‘ಕಮಲ’ ಅರಳುವುದು, ಮುದುಡುವುದು ಆಮೇಲೆ ಬಂತು. ಬಳಕೆಯಲ್ಲಿ ಅದಕ್ಕೆ ಕೈಯನ್ನು ಎಂದೂ ಮುಟ್ಟಲಾಗಲಿಲ್ಲ, ಏಕೆಂದರೆ ಕಮಲದ ಸುತ್ತ ದಿನಬಳಕೆಯ ನುಡಿಗಟ್ಟು ಕಡಿಮೆ.

ಚಿಹ್ನೆಯಂತೆ ಪುಸ್ತಕದ ಹೆಸರೂ ನುಡಿಗಟ್ಟಾಗುತ್ತದೆ. ಕೆ.ಆರ್. ನಗರದ ಕಡೆಯ ರಾಜಕಾರಣಿ ಎಚ್. ವಿಶ್ವನಾಥ್ ತಮ್ಮ ಆತ್ಮಕಥೆಗೆ ‘ಹಳ್ಳಿ ಹಕ್ಕಿಯ ಹಾಡು’ ಎಂದು ಹೆಸರಿಟ್ಟರು. ಅಂದಿನಿಂದ ಪತ್ರಿಕೆಗಳಿಗೆ ಅವರು ‘ಹಳ್ಳಿಹಕ್ಕಿ’. ಕಾಂಗ್ರೆಸ್ ಬಿಟ್ಟು ಜೆಡಿಎಸ್ ಸೇರಿ 2018ರಲ್ಲಿ ಹುಣಸೂರಿನಲ್ಲಿ ಗೆದ್ದದ್ದು, ಮರುವರ್ಷ ಅನರ್ಹರಾದದ್ದು, 2019ರ ಡಿಸೆಂಬರ್ ಉಪಚುನಾವಣೆಯಲ್ಲಿ ಬಿಜೆಪಿಯಿಂದ ನಿಂತು ಎಚ್.ಪಿ. ಮಂಜುನಾಥ್ ಎದುರು ಸೋತದ್ದು, ಎಲ್ಲವನ್ನೂ ಗೂಡು, ರೆಕ್ಕೆ, ಹಾರಾಟ, ಕೊಂಬೆಗಳ ಮಾತಿನಲ್ಲೇ ಬರೆಯಲಾಯಿತು. ಪಿರಿಯಾಪಟ್ಟಣದ್ದು ಇನ್ನೂ ಹಳೆಯ ಕಥೆ. 17ನೇ ಶತಮಾನದಲ್ಲಿ ಮೈಸೂರಿನ ಕಂಠೀರವ ನರಸರಾಜರ ಸೈನ್ಯ ಆ ಕೋಟೆಯನ್ನು ಮುತ್ತಿದ ಕಾಳಗ ಜನಪದರ ಬಾಯಲ್ಲಿ ಹಾಡಾಗಿ ಉಳಿದಿದೆ. ಅಲ್ಲಿಯ ಚುನಾವಣೆಗೆ ‘ಕಾಳಗ’ ಎಂಬ ಪದ ಬಿದ್ದಾಗ ಅದರ ಹಿಂದೆ ಆ ಹಾಡಿನ ನೆನಪೂ ಇದೆ.

ಇಂಗ್ಲಿಷಿನಿಂದ ಬಂದ ನೆಂಟರು

ದೇಶ ವಿದೇಶದ ಸುದ್ದಿ ನಮ್ಮ ಪತ್ರಿಕೆಗಳಿಗೆ ಬಹುಕಾಲ ಬಂದದ್ದು ಇಂಗ್ಲಿಷಿನಲ್ಲೇ, ಪಿಟಿಐ, ಯುಎನ್‌ಐ ಸಂಸ್ಥೆಗಳ ಟೆಲಿಪ್ರಿಂಟರ್ ಮೂಲಕ. ರಾತ್ರಿ ಪಾಳಿಯವರು ಅದನ್ನು ಅವಸರದಲ್ಲಿ ಕನ್ನಡಕ್ಕೆ ತರುತ್ತಿದ್ದರು. ಸುದ್ದಿಯ ಜೊತೆಗೆ ಇಂಗ್ಲಿಷಿನ ನುಡಿಗಟ್ಟೂ ದಾಟಿ ಬಂತು. ಶೀತಲ ಸಮರ, ಕಪ್ಪುಹಣ, ಕೆಂಪುಪಟ್ಟಿ, ಮೊಸಳೆ ಕಣ್ಣೀರು, ಬಿಳಿಯಾನೆ, ಕುದುರೆ ವ್ಯಾಪಾರ, ಶವಪೆಟ್ಟಿಗೆಯ ಕೊನೆಯ ಮೊಳೆ.

ಇವುಗಳಲ್ಲಿ ಕೆಲವು ನಮ್ಮವೇ ಆಗಿಬಿಟ್ಟಿವೆ. ‘ಹಸಿರು ನಿಶಾನೆ’ಯನ್ನೇ ನೋಡಿ. ಇಂಗ್ಲಿಷಿನವರು ಹಸಿರು ದೀಪ ಎನ್ನುತ್ತಾರೆ. ನಮ್ಮವರು ದೀಪ ಬಿಟ್ಟು ರೈಲಿನ ಗಾರ್ಡ್ ಬೀಸುವ ಬಾವುಟ ಹಿಡಿದರು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಎಂಬ ನಾಲ್ಕು ಊರುಗಳಲ್ಲಿ ರೈಲು ನಿಲ್ದಾಣ ಇರುವುದು ಕೆ.ಆರ್. ನಗರಕ್ಕೆ ಮಾತ್ರ, ಮೈಸೂರು–ಅರಸೀಕೆರೆ ಮಾರ್ಗದಲ್ಲಿ. ಹುಣಸೂರು, ಪಿರಿಯಾಪಟ್ಟಣದ ಮೇಲೆ ಹೋಗಬೇಕಾದ ಮೈಸೂರು–ಕುಶಾಲನಗರ ರೈಲು ಮಾರ್ಗ ವರ್ಷಗಳಿಂದ ಪ್ರಸ್ತಾವದಲ್ಲೇ ಇದೆ. ರೈಲನ್ನೇ ಕಾಣದ ಊರುಗಳಲ್ಲಿ ಕೆರೆ ಹೂಳೆತ್ತಲು, ರಸ್ತೆಗೆ ಡಾಂಬರು ಹಾಕಲು, ಹಾಸ್ಟೆಲ್ ಕಟ್ಟಲು ‘ಹಸಿರು ನಿಶಾನೆ’ ಸಿಗುತ್ತಲೇ ಇರುತ್ತದೆ.

‘ಅತಂತ್ರ’ ಇನ್ನೂ ಚೆನ್ನಾದ ಕೆಲಸ. ಯಾರಿಗೂ ಬಹುಮತ ಬಾರದ ಶಾಸನಸಭೆಯನ್ನು ಇಂಗ್ಲಿಷ್ ‘ನೇತಾಡುವ’ ಸಭೆ ಎನ್ನುತ್ತದೆ. ಅದನ್ನು ಪದಕ್ಕೆ ಪದ ತಂದಿದ್ದರೆ ಅಪಾರ್ಥವಾಗುತ್ತಿತ್ತು. ನಮ್ಮವರು ಚಿತ್ರವನ್ನು ಬಿಟ್ಟು ಸ್ಥಿತಿಯನ್ನು ಹಿಡಿದರು. 2004ರಲ್ಲಿ, 2018ರಲ್ಲಿ ಮೂರಕ್ಷರದ ಆ ಪದ ಮುಖಪುಟವನ್ನು ಹೊತ್ತಿತು. ಹಗ್ಗದ ಎರಡೂ ತುದಿಯ ಎಳೆದಾಟಕ್ಕೆ ‘ಹಗ್ಗಜಗ್ಗಾಟ’ ಎಂದು ಪ್ರಾಸ ಕೂಡಿಸಿದ್ದೂ ಅಂಥದ್ದೇ ಜಾಣ್ಮೆ.

ಕೆಲವು ಇಂಗ್ಲಿಷ್ ಪದಗಳು ಬಂದಮೇಲೆ ದಿಕ್ಕನ್ನೇ ಬದಲಿಸಿದವು. ಗೇಟ್‌ಪಾಸ್ ಎಂದರೆ ಒಳಗೆ ಬಿಡುವ ಚೀಟಿ. ನಮ್ಮ ತಲೆಬರಹದಲ್ಲಿ ‘ಸಚಿವರಿಗೆ ಗೇಟ್‌ಪಾಸ್’ ಎಂದರೆ ಹೊರಗೆ ಕಳಿಸಿದರು ಎಂದು. ಅದೇ ಕೆಲಸಕ್ಕೆ ನಮ್ಮ ಕೊಕ್ಕೊ ಆಟದ ಮೈದಾನದಿಂದ ಬಂದ ‘ಕೊಕ್’ ಇದೆ. ಆಟದಲ್ಲಿ ಕೊಕ್ ಸಿಕ್ಕವರು ಕೂತ ಜಾಗದಿಂದ ಏಳಲೇಬೇಕು, ಕೊಟ್ಟವರು ಆ ಜಾಗದಲ್ಲಿ ಕೂರುತ್ತಾರೆ. ಕುರ್ಚಿಯ ರಾಜಕಾರಣಕ್ಕೆ ಇದಕ್ಕಿಂತ ಸರಿಯಾದ ಹೋಲಿಕೆ ಯಾವ ಭಾಷೆಯಲ್ಲೂ ಸಿಗಲಾರದು.

ಎಲ್ಲ ನೆಂಟರೂ ಹೀಗೆ ಹೊಂದಿಕೊಂಡಿಲ್ಲ. ‘ಶವಪೆಟ್ಟಿಗೆಯ ಕೊನೆಯ ಮೊಳೆ’ ಹೆಣವನ್ನು ಚಟ್ಟದಲ್ಲಿ ಒಯ್ಯುವ ಬಹುಪಾಲು ಓದುಗರಿಗೆ ಇವತ್ತಿಗೂ ದೂರದ ಮಾತು. ಬಿಳಿಯಾನೆಯದು ಇನ್ನೊಂದು ತೊಡಕು. ಸಯಾಮಿನ ರಾಜ ಸಾಕಲಾಗದ ಬಿಳಿಯಾನೆಯನ್ನು ಉಡುಗೊರೆ ಕೊಟ್ಟು ಬೇಡದವರನ್ನು ದಿವಾಳಿ ಮಾಡುತ್ತಿದ್ದ ಎಂಬ ಕಥೆಯಿಂದ ಇಂಗ್ಲಿಷಿಗೆ ಅದು ಬಂತು. ನಮಗೆ ಬಿಳಿ ಆನೆ ಎಂದರೆ ಐರಾವತ, ಇಂದ್ರನ ವಾಹನ. ಕೆಎಸ್‌ಆರ್‌ಟಿಸಿ ತನ್ನ ಐಷಾರಾಮಿ ಬಸ್ಸಿಗೆ ಇಟ್ಟ ಹೆಸರೂ ಅದೇ. ಒಂದೇ ಪುಟದಲ್ಲಿ ಬಿಳಿಯಾನೆ ನಷ್ಟದ ಗುರುತು, ಐರಾವತ ಹೆಮ್ಮೆಯ ಗುರುತು.

ಕುದುರೆ ವ್ಯಾಪಾರದ ಬಗ್ಗೆ ನನಗೆ ನಿಜವಾಗಿ ಬೇಸರವಿದೆ. ಶಾಸಕರನ್ನು ಕೊಳ್ಳುವ ಮಾತಿಗೆ 19ನೇ ಶತಮಾನದ ಅಮೆರಿಕದ ಕುದುರೆ ಸಂತೆಯ ಹೋಲಿಕೆಯನ್ನು ತಂದೆವು. ಕೆ.ಆರ್. ನಗರದ ಚುಂಚನಕಟ್ಟೆಯಲ್ಲಿ ಸಂಕ್ರಾಂತಿಯ ಆಸುಪಾಸಿನಲ್ಲಿ ದನದ ಜಾತ್ರೆ ಕೂಡುತ್ತದೆ. ಹಳ್ಳಿಕಾರ್ ಜೋಡಿಗಳ ನಡುವೆ ದಳ್ಳಾಳಿ ಮತ್ತು ರೈತ ಟವಲ್ಲಿನ ಕೆಳಗೆ ಕೈ ಹಿಡಿದು ಬೆರಳು ಮುಟ್ಟಿ ಬೆಲೆ ಹೇಳುತ್ತಾರೆ. ಪಕ್ಕದಲ್ಲಿ ನಿಂತವರಿಗೂ ಬೆಲೆ ತಿಳಿಯುವುದಿಲ್ಲ. ಗುಟ್ಟಿನ ವ್ಯವಹಾರಕ್ಕೆ ‘ಟವಲ್ ವ್ಯಾಪಾರ’ ಎಂಬ ಮಾತು ನಮ್ಮ ಅಂಗಳದಲ್ಲೇ ಇತ್ತು. ಅದನ್ನು ಎತ್ತಿಕೊಳ್ಳದೆ ಕುದುರೆಯನ್ನು ಸಾಗರದಾಚೆಯಿಂದ ತರಿಸಿದೆವು.

ಅಂಕುಶ, ಕಡಿವಾಣ, ಮೂಗುದಾರ

ತಡೆ, ಹತೋಟಿ ಎಂಬರ್ಥದ ಸುದ್ದಿ ಬಂದಾಗ ಇಂಗ್ಲಿಷ್ ತಲೆಬರಹ ಬಳಸುವ ಸಣ್ಣ ಪದಗಳಲ್ಲಿ ಕೆಲವು ಕುದುರೆಯ ಬಾಯಿಯಿಂದ ಬಂದವು. ಕನ್ನಡದ ಉಪಸಂಪಾದಕರ ಮುಂದೆ ಮೂರು ಪ್ರಾಣಿಗಳಿವೆ. ಬೆಲೆ ಏರಿಕೆಗೆ ‘ಅಂಕುಶ’, ಮರಳು ಸಾಗಣೆಗೆ ‘ಕಡಿವಾಣ’, ಮಾತು ಕೇಳದ ಅಧಿಕಾರಿಗೆ ‘ಮೂಗುದಾರ’. ಆನೆ, ಕುದುರೆ, ಎತ್ತು.

ಮೂರೂ ಒಂದೇ ಎಂದು ಬಳಸುವುದು ಸರಿಯಲ್ಲ. ಅಂಕುಶ ಬಲಿಷ್ಠವಾದದ್ದನ್ನು ಚುಚ್ಚಿ ಎಚ್ಚರಿಸುತ್ತದೆ. ಕಡಿವಾಣ ಓಡುವುದನ್ನು ನಿಧಾನ ಮಾಡುತ್ತದೆ. ಮೂಗುದಾರ ಹಟ ಹಿಡಿದದ್ದನ್ನು ನಮಗೆ ಬೇಕಾದ ಕಡೆ ನಡೆಸುತ್ತದೆ. ದಸರಾ ಆನೆಗಳ ಗಜಪಯಣ ಹೊರಡುವ ವೀರನಹೊಸಹಳ್ಳಿ ಇರುವುದು ಹುಣಸೂರು ತಾಲ್ಲೂಕಿನಲ್ಲಿ. ಎಚ್.ಡಿ. ಕೋಟೆಯ ಬಳ್ಳೆ ಆನೆ ಶಿಬಿರದಲ್ಲಿ ಮಾವುತರು, ಕಾವಾಡಿಗಳು ದಿನವೂ ಆನೆಯೊಂದಿಗೆ ಬದುಕುತ್ತಾರೆ. ಅಲ್ಲಿಯ ಓದುಗರಿಗೆ ಅಂಕುಶ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂದು ಯಾರೂ ಹೇಳಿಕೊಡಬೇಕಿಲ್ಲ.

ಕಾಕನಕೋಟೆಯ ಕೊಡುಗೆ

ಆನೆಯ ಮಾತು ಬಂದಮೇಲೆ ಖೆಡ್ಡಾವನ್ನು ಬಿಡಲಾಗದು. ‘ಎದುರಾಳಿಯನ್ನು ಖೆಡ್ಡಾಕ್ಕೆ ಕೆಡವಿದ ನಾಯಕ’, ‘ತಾನೇ ತೋಡಿದ ಖೆಡ್ಡಾ’. ಇಂಥವನ್ನು ಬೀದರಿನಿಂದ ಮಂಗಳೂರಿನ ತನಕ ಎಲ್ಲರೂ ಓದುತ್ತಾರೆ. ಈ ಮಾತು ಕನ್ನಡಿಗರ ಬಾಯಿಗೆ ಬರಲು ದೊಡ್ಡ ಕಾರಣ ಎಚ್.ಡಿ. ಕೋಟೆ ತಾಲ್ಲೂಕಿನ ಕಾಕನಕೋಟೆಯ ಕಾಡು.

ಖೆಡ್ಡಾ ಪದ ಹಿಂದಿಯದು, ಅಟ್ಟು ಎಂಬರ್ಥದ ಧಾತುವಿನಿಂದ ಬಂದದ್ದು. 1870ರ ದಶಕದಲ್ಲಿ ಜಿ.ಪಿ. ಸ್ಯಾಂಡರ್‌ಸನ್ ಎಂಬ ಅಧಿಕಾರಿ ಈಗಿನ ಚಾಮರಾಜನಗರದ ಕಡೆ ಮೈಸೂರ ಸೀಮೆಯ ಖೆಡ್ಡಾ ಶುರು ಮಾಡಿದರು. ಆಮೇಲೆ ಕಾಕನಕೋಟೆಯ ಖೆಡ್ಡಾ ಲೋಕಪ್ರಸಿದ್ಧವಾಯಿತು. ಜೇನುಕುರುಬರು ಹಿಂಡಿನ ಜಾಡು ಹಿಡಿಯುತ್ತಿದ್ದರು. ತಮಟೆ, ಕೂಗು, ಪಂಜುಗಳ ನಡುವೆ ಹಿಂಡನ್ನು ಕಪಿಲೆಯ ನೀರಿಗಿಳಿಸಿ ದಾಟಿಸಿ, ದಪ್ಪ ಮರದ ದಿಮ್ಮಿಗಳ ಆವರಣದೊಳಕ್ಕೆ ಅಟ್ಟಿ ಬಾಗಿಲು ಬೀಳಿಸುತ್ತಿದ್ದರು. ನೋಡಲು ಮಹಾರಾಜರೂ ವೈಸರಾಯರೂ ಬರುತ್ತಿದ್ದರು. ಮಾಸ್ತಿ ವೆಂಕಟೇಶ ಅಯ್ಯಂಗಾರರು ಈ ಕಾಡಿನ ಜನರ ಮೇಲೆ ‘ಕಾಕನಕೋಟೆ’ ನಾಟಕ ಬರೆದರು, ಸಿ.ಆರ್. ಸಿಂಹ ಅದನ್ನು ಸಿನಿಮಾ ಮಾಡಿದರು.

ಈಗ ತಲೆಬರಹವನ್ನು ಮತ್ತೆ ನೋಡಿ. ಖೆಡ್ಡಾ ಎಂದರೆ ಗುಂಡಿಯಲ್ಲ, ಬೇಲಿ. ಅದನ್ನು ತೋಡುವಂತಿಲ್ಲ, ಅದಕ್ಕೆ ಬೀಳುವಂತಿಲ್ಲ. ಗುಂಡಿ ತೋಡಿ ಸೊಪ್ಪು ಮುಚ್ಚಿ ಆನೆ ಹಿಡಿಯುವುದು ಖೆಡ್ಡಾಕ್ಕಿಂತ ಹಳೆಯ ಪದ್ಧತಿ. ಅದರಲ್ಲಿ ಆನೆಯ ಕಾಲು ಮುರಿಯುತ್ತಿತ್ತು, ಎಷ್ಟೋ ಆನೆ ಸಾಯುತ್ತಿದ್ದವು. ಖೆಡ್ಡಾ ಬಂದದ್ದೇ ಅದರ ಬದಲಿಗೆ. ಆದರೆ ಜನರ ಮನಸ್ಸಿನಲ್ಲಿ ಎರಡೂ ಬೆರೆತವು. ‘ಕೆಡವು’ ಮತ್ತು ‘ಖೆಡ್ಡಾ’ ದನಿಯಲ್ಲೂ ಹತ್ತಿರವಿದ್ದದ್ದರಿಂದ ‘ಖೆಡ್ಡಾಕ್ಕೆ ಕೆಡವು’ ಎಂಬುದು ನಾಲಗೆಗೆ ಸುಲಭವಾಯಿತು ಎಂದು ನನ್ನ ಊಹೆ. ಇದು ತಪ್ಪು ಎಂದು ತಿದ್ದಲು ಹೊರಡುವುದು ವ್ಯರ್ಥ. ನುಡಿಗಟ್ಟು ಒಮ್ಮೆ ನಿಂತಮೇಲೆ ಅದೇ ಸರಿ. ಆದರೆ ‘ಬೇಲಿಯೊಳಕ್ಕೆ ಅಟ್ಟು’ ಎಂಬ ಮೂಲದ ಚಿತ್ರ ಮರೆಯಾದದ್ದು ನಷ್ಟವೇ. ಎಲ್ಲ ದಿಕ್ಕಿನಿಂದ ಸದ್ದು ಮಾಡಿ, ಒಂದೇ ಬಾಗಿಲು ತೆರೆದಿಟ್ಟು ಎದುರಾಳಿಯನ್ನು ತಾನಾಗಿಯೇ ಒಳಗೆ ಬರುವಂತೆ ಮಾಡುವ ರಾಜಕಾರಣಕ್ಕೆ ಆ ಚಿತ್ರವೇ ಹೆಚ್ಚು ನಿಜ.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಆ ಕಾಡಿನ ಒಂದು ಭಾಗ ಕಬಿನಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಿತು. ಪದ ಮಾತ್ರ ಮುಳುಗಲಿಲ್ಲ.

ಸವಕಲು ಮಾತು

ದಿನಕ್ಕೆ ನೂರಾರು ತಲೆಬರಹ ಬರೆಯಬೇಕಾದ ಕಡೆ ಎಲ್ಲವೂ ಹೊಸದಾಗಿರಲು ಸಾಧ್ಯವಿಲ್ಲ. ಸಚಿವರು ಏನಾದರೂ ಕೇಳಿದರೆ ‘ಗರಂ’, ಟೀಕಿಸಿದರೆ ‘ಕಿಡಿ’, ಉತ್ತರಿಸಿದರೆ ‘ತಿರುಗೇಟು’. ಕಬ್ಬಿನ ಬೆಲೆ ಏರಿದರೆ ‘ಸಿಹಿ’, ಇಳಿದರೆ ‘ಕಹಿ’. ಈರುಳ್ಳಿ ಬೆಲೆ ಏರಿದರೂ ಇಳಿದರೂ ‘ಕಣ್ಣೀರು’. ಓದುಗರ ಕಣ್ಣು ಇವುಗಳ ಮೇಲೆ ಜಾರಿ ಹೋಗುತ್ತದೆ, ನಿಲ್ಲುವುದಿಲ್ಲ.

ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು 1991ರಿಂದ ಬಹುಕಾಲ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣ ಬರೆದರು. ಪದದ ಅರ್ಥ ಏನು, ಯಾವ ರೂಪ ಸರಿ, ಈ ಮಾತು ಎಲ್ಲಿಂದ ಬಂತು ಎಂದು ಓದುಗರು ಕೇಳುತ್ತಿದ್ದರು, ಅವರು ತಾಳ್ಮೆಯಿಂದ ಉತ್ತರಿಸುತ್ತಿದ್ದರು. ಪದಗಳ ಬಗ್ಗೆ ಸಾಮಾನ್ಯ ಓದುಗರಿಗೆ ಎಷ್ಟು ಕಾಳಜಿ ಇದೆ ಎಂಬುದಕ್ಕೆ ಆ ಅಂಕಣವೇ ಸಾಕ್ಷಿ. ಓದುಗರಿಗೆ ಹೇಗೂ ತಿಳಿಯುವುದಿಲ್ಲ ಎಂದುಕೊಂಡು ಬರೆಯುವುದು ಅವರಿಗೆ ಮಾಡುವ ಅನ್ಯಾಯ.

ಎರಡಕ್ಷರದ ಸುದ್ದಿ

ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಪದ ‘ಬಲಿ’. ‘ಹುಲಿ ದಾಳಿಗೆ ರೈತ ಬಲಿ’, ‘ಅಪಘಾತಕ್ಕೆ ಇಬ್ಬರು ಬಲಿ’. ಇದು ಎಷ್ಟು ರೂಢಿಯಾಗಿದೆ ಎಂದರೆ ಇದೂ ಒಂದು ನುಡಿಗಟ್ಟು ಎಂಬುದೇ ನಮಗೆ ಮರೆತಿದೆ.

ಬಲಿ ಎಂದರೆ ಒಪ್ಪಿಸುವುದು. ಕೊಡುವವರು ಒಬ್ಬರು, ಪಡೆಯುವ ದೇವರು ಒಬ್ಬರು, ಫಲದ ನಿರೀಕ್ಷೆ ಒಂದು. ಎಚ್.ಡಿ. ಕೋಟೆ, ಸರಗೂರಿನ ಕಾಡಂಚಿನಲ್ಲಿ ಹತ್ತಿ ಹೊಲಕ್ಕೆ ಹೋದ ರೈತರನ್ನು ಯಾರೂ ಯಾರಿಗೂ ಒಪ್ಪಿಸಿರಲಿಲ್ಲ. ಅವರು ಕೆಲಸಕ್ಕೆ ಹೋಗಿದ್ದರು, ಮನೆಗೆ ಬರಲಿಲ್ಲ. ಆ ಸುದ್ದಿಯನ್ನು ಮರುದಿನ ಅದೇ ಊರಿನ ಟೀ ಅಂಗಡಿಯಲ್ಲಿ ಜೋರಾಗಿ ಓದುತ್ತಾರೆ. ಕೇಳುವವರಲ್ಲಿ ಸತ್ತವರ ಅಣ್ಣನೋ ಭಾವಮೈದುನನೋ ಇರುತ್ತಾರೆ. ತಂಬಾಕು ಬೆಳೆಗಾರರ ಆತ್ಮಹತ್ಯೆಯ ಸುದ್ದಿಗೆ ‘ಹೊಗೆ’ಯ ಶ್ಲೇಷೆ ಹುಡುಕುವುದು ಇದಕ್ಕಿಂತಲೂ ಕ್ರೂರ.

ಪುಟ ಕಟ್ಟುವ ಗೆಳೆಯರಲ್ಲಿ ಒಂದು ಕೋರಿಕೆ. ರಾಜಕಾರಣಕ್ಕೆ ಖೆಡ್ಡಾ ಇರಲಿ, ಕೊಕ್ ಇರಲಿ, ‘ಕೈ’ ಇರಲಿ, ಚುಂಚನಕಟ್ಟೆಯ ಟವಲ್ಲೂ ಬರಲಿ. ಮನುಷ್ಯರು ಸತ್ತ ಸುದ್ದಿಯನ್ನು ಮಾತ್ರ ಹಾಗೇ ಬರೆಯಿರಿ. ಜಾಗವಿಲ್ಲ ಎಂಬ ಕಾರಣ ಇಲ್ಲಿ ನಡೆಯುವುದಿಲ್ಲ. ‘ಬಲಿ’ ಎಂಬುದಕ್ಕೆ ಬೇಕಾದದ್ದು ಎರಡಕ್ಷರದ ಜಾಗ, ‘ಸಾವು’ ಎಂಬುದಕ್ಕೂ ಅಷ್ಟೇ.